ನಾನು ಹೊತ್ತಿರದ ಹರಕೆ

ಇದು ನಾಲ್ಕು ವರ್ಷದ ಹಿಂದಿನ ಮಾತು. ಮದುವೆಯಾದ ಮೇಲೆ ನನ್ನ ಎರಡನೆಯ ದೀಪಾವಳಿ. ಮೊದಲ ದೀಪಾವಳಿಗೆ ಮಗಳು ಅಳಿಯ ತವರಿಗೆ ಹೋಗುವುದು ನಮ್ಮಲ್ಲಿ ಪದ್ಧತಿ. ಹಾಗಾಗಿ ಗಂಡನ ಮನೆಯಲ್ಲಿ ಹಬ್ಬ ಹೇಗೆ ನಡೆಯುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಗಂಡನ ಮನೆಯವರದು ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರದ ಮನೆತನ. ದಿನಕ್ಕೆರಡು ಸಲ ಲಿಂಗಪೂಜೆ ತಪ್ಪದ ಮನೆ. ಹಿರಿಯರ ಮುಂದೆ ಹೆಂಗಸರ ತಲೆಯ ಮೇಲಿಂದ ಸೆರಗು ಜಾರುವಂತಿಲ್ಲ. ಮುಖಕ್ಕೆ ಅರಿಷಿಣ, ಹಣೆಗೆ ವಿಭೂತಿ ಮತ್ತು ಕುಂಕುಮ, ಅಲ್ಲಿಗೆ ಶೃಂಗಾರ ಮುಗಿಯಿತು. ಕೂದಲು ಬಿಟ್ಟುಕೊಂಡು ಹೊಸ್ತಿಲು ದಾಟಬಾರದು, ಕೂದಲಿಗೆ ಕತ್ತರಿ ತಾಗಿಸಲೇಬಾರದು. ನಾನೋ ಧಾರವಾಡದ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಕಲಿಸುವವಳು. ಬಸ್ಸು ಊರ ಹೊರಗಿನ ನವನಗರ ದಾಟಿದ ಕೂಡಲೇ ಸೆರಗು ಹೆಗಲಿಗೆ ಇಳಿಯುತ್ತಿತ್ತು, ಡಬ್ಬಿಯ ಚೀಲದಿಂದ ಲಿಪ್‌ಸ್ಟಿಕ್ ಹೊರಗೆ ಬರುತ್ತಿತ್ತು. ಸಂಜೆ ಮರಳುವಾಗ ಅದೇ ನವನಗರದಲ್ಲಿ ಕರವಸ್ತ್ರ. ಹಾಗೆ ಎಷ್ಟು ಕರವಸ್ತ್ರ ಕೆಂಪಾದವೋ ಶಿವನೇ ಬಲ್ಲ.

ಲಿಪ್‌ಸ್ಟಿಕ್ ಒರೆಸಿಕೊಳ್ಳಬಹುದು. ಜಡೆಯನ್ನು ಏನು ಮಾಡುವುದು? ನನ್ನ ಜಡೆ ನಡೆಯುವಾಗ ಮೊಣಕಾಲಿಗೆ ಬಡಿಯುತ್ತಿತ್ತು. ಕನ್ಯೆ ನೋಡಲು ಬಂದ ದಿನ ನಮ್ಮ ಅತ್ತೆ ಶಾಂತವ್ವನವರು ನನ್ನ ಓದು ಕೇಳಲಿಲ್ಲ, ಅಡುಗೆ ಕೇಳಲಿಲ್ಲ. ಜಡೆಯನ್ನು ಅಂಗೈ ಮೇಲೆ ಎತ್ತಿಕೊಂಡು, "ಎಷ್ಟ ಛಂದ ಅದಾವವಾ ಕೂದಲಾ!" ಅಂದರು. ಸಂಬಂಧ ಅಲ್ಲೇ ಗಟ್ಟಿಯಾಯಿತು. ಆದರೆ ನನಗೆ ಎಂಟನೇ ಇಯತ್ತೆಯಿಂದಲೂ ಕುತ್ತಿಗೆಯವರೆಗಿನ ಕೂದಲು ಬೇಕಾಗಿತ್ತು. ಯಾಕೆ ಅಂದರೆ ಉತ್ತರವಿಲ್ಲ. ತಲೆನೋವಿರಲಿಲ್ಲ, ಕೂದಲು ಉದುರುತ್ತಿರಲಿಲ್ಲ. ಬೇಕಾಗಿತ್ತು, ಅಷ್ಟೇ.

ದೀಪಾವಳಿ ರಜೆಗೆ ಮುಂಚಿನ ಕೊನೆಯ ದಿನ. ಮಧ್ಯಾಹ್ನಕ್ಕೇ ಕ್ಲಾಸು ಮುಗಿದು, ಹುಡುಗರೆಲ್ಲ ಊರಿಗೆ ಹೋಗಿ, ಧಾರವಾಡದ ರಸ್ತೆಗಳು ಖಾಲಿಯಾಗಿದ್ದವು. ಮರಗಳ ನೆರಳಲ್ಲಿ ಸುಮ್ಮನೆ ನಡೆಯುತ್ತ ಹೋದವಳು ಒಂದು ಸಣ್ಣ ಬ್ಯೂಟಿ ಪಾರ್ಲರಿನ ಮುಂದೆ ನಿಂತೆ. ಹುಬ್ಬು ಮಾಡಿಸಿಕೊಂಡು ಹೋಗೋಣ ಎಂದಷ್ಟೇ ಒಳಗೆ ಹೋದದ್ದು. ಹುಬ್ಬು ಮುಗಿಸಿದ ಅಲ್ಲಿನ ಹುಡುಗಿ ತಲೆಯನ್ನೂ ತೊಳೆಯುತ್ತೇನೆಂದು ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ, ಬೆಚ್ಚಗಿನ ನೀರಿನಲ್ಲಿ ತಲೆ ತೊಳೆಯತೊಡಗಿದಳು. ಕಣ್ಣು ತಾವಾಗಿಯೇ ಮುಚ್ಚಿದವು. ಫ್ಯಾನು ಗಿರಗಿರ ಅನ್ನುತ್ತಿತ್ತು, ಹೊರಗೆ ಯಾರೋ ಬಾಳೆಕಂದು ಮಾರಿಕೊಂಡು ಹೋಗುತ್ತಿದ್ದರು, ಆ ಕೂಗು ಬೇರೆ ಯಾವುದೋ ಊರಿನಿಂದ ಬಂದಂತೆ ಕೇಳುತ್ತಿತ್ತು. "ಅಕ್ಕಾರ, ತುದಿ ಕಟ್ ಮಾಡ್ಲೇನ್ರಿ?" ಅಂದಳು ಹುಡುಗಿ. "ಹೂಂ, ಇಲ್ಲೀತನಾ" ಎಂದು ನಾನು ಕುತ್ತಿಗೆ ಮುಟ್ಟಿ ತೋರಿಸಿದೆ. ಹೇಳಿದ್ದು ನನ್ನ ಬಾಯೇ, ಆದರೆ ಬೇರೆ ಯಾರೋ ಹೇಳಿದಂತಿತ್ತು. ಅವಳು ಎರಡೆರಡು ಸಲ ಕೇಳಿದಳು. ನಾನು ಎರಡೂ ಸಲ ಹೂಂ ಅಂದೆ.

ಕಣ್ಣು ಬಿಟ್ಟಾಗ ಕನ್ನಡಿಯಲ್ಲಿ ಬೇರೆಯೇ ಒಬ್ಬ ಹೆಂಗಸಿದ್ದಳು. ಸ್ಟೆಪ್ ಕಟ್. ನಾನು ತಲೆ ಅಲ್ಲಾಡಿಸಿದರೆ ಅವಳ ಕೂದಲು ಕುಣಿಯುತ್ತಿತ್ತು. ಹುಡುಗಿ ಕತ್ತರಿಸುವ ಮೊದಲೇ ಹೆಣೆದಿದ್ದ ನನ್ನ ಜಡೆಯ ಬುಡವನ್ನು ಕರಿ ದಾರದಿಂದ ಬಿಗಿಯಾಗಿ ಕಟ್ಟಿ, ಹಳೆಯ ಪೇಪರಿನಲ್ಲಿ ಸುತ್ತಿ ಕೈಗೆ ಕೊಟ್ಟಳು. ಹೊರಗೆ ಬಂದೆ. ಕುತ್ತಿಗೆಗೆ ಗಾಳಿ ತಾಗಿತು. ಇಪ್ಪತ್ತೇಳು ವರ್ಷದಲ್ಲಿ ಆ ಜಾಗಕ್ಕೆ ಗಾಳಿ ತಾಗಿದ್ದೇ ಮೊದಲು. ಬಸ್ಸು ಹತ್ತುವುದನ್ನೂ ಮರೆತು ಎರಡು ಸ್ಟಾಪು ನಡೆದೆ. ಅಷ್ಟು ಸುಖ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ನವನಗರ ಬಂತು. ಕರವಸ್ತ್ರ ತೆಗೆದೆ, ಆಗ ಕೈ ಗಿಡ್ಡ ಕೂದಲಿಗೆ ತಾಗಿತು. ಇದನ್ನು ಹೇಗೆ ಒರೆಸಿಕೊಳ್ಳುವುದು? ಬಸ್ಸಿನಲ್ಲೇ ಪೇಪರು ಬಿಚ್ಚಿ, ನನ್ನ ಜಡೆಯನ್ನೇ ಚೌರಿಯ ಹಾಗೆ ಹಿಂದೆ ಇಟ್ಟು, ಇದ್ದಬದ್ದ ಪಿನ್ನುಗಳನ್ನೆಲ್ಲ ಚುಚ್ಚಿ, ಮೇಲೆ ಸೆರಗು ಹೊದ್ದೆ. ಪಕ್ಕದ ಸೀಟಿನ ಅಜ್ಜಿ ಬಾಯಿಬಿಟ್ಟುಕೊಂಡು ನೋಡುತ್ತಿತ್ತು. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗಂಡ ಹತ್ತಿ ಖರೀದಿಗೆಂದು ಊರೂರು ತಿರುಗುತ್ತಿದ್ದರು, ಹಬ್ಬದ ಬೆಳಿಗ್ಗೆಯೇ ಬರುವವರಿದ್ದರು. ಬಚಾವಾದೆ ಅಂದುಕೊಂಡು ಮರುದಿನದ ಎಣ್ಣೆಸ್ನಾನಕ್ಕೆ ಬಚ್ಚಲಿನ ಹಂಡೆಗೆ ನೀರು ತುಂಬುತ್ತಿದ್ದೆ. ಆಗ ಅತ್ತೆ ಬಂದು ಅಂದರು, "ಶೈಲಾ, ನಸಿಕಿನ್ಯಾಗ ಲಗೂ ಏಳವಾ. ಈ ಮನ್ಯಾಗ ಸೊಸಿ ತಲಿಗೆ ಅತ್ತೀನ ಎಣ್ಣಿ ಹಚ್ಚೋದು."

"ನಾನ ಹಚ್ಗೋತೀನ್ರಿ ಅತ್ತಿ, ನಿಮಗ್ಯಾಕ ತ್ರಾಸು?"

"ಏ, ಹಂಗ ನಡ್ಯಾಂಗಿಲ್ಲ. ನಮ್ಮತ್ತಿ ನನಗ ಹಚ್ಚ್ಯಾರ, ನಾ ನಿನಗ ಹಚ್ಚಬೇಕು."

ರಾತ್ರಿ ನಿದ್ದೆ ಹತ್ತಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ನಸುಕಿನಲ್ಲಿ ಬಚ್ಚಲು ತುಂಬ ಹಬೆ. ಸಣ್ಣ ದೀಪ ಒಂದು. ಸೀಗೆಕಾಯಿಯ ವಾಸನೆ, ಹಂಡೆಯ ಕೆಳಗಿನ ಹೊಗೆಯ ವಾಸನೆ. ಬಾಗಿಲಾಚೆ ದೊಡ್ಡತ್ತೆ, ಅಂದರೆ ಮಾವನ ಅಣ್ಣನ ಹೆಂಡತಿ, ನಮ್ಮ ಅತ್ತೆಯ ಹಿರಿಯ ನೆಗೆಣ್ಣಿ, ಆರತಿ ತಟ್ಟೆ ಹಿಡಿದು ಕಾಯುತ್ತಿದ್ದರು. ಅವರ ಬಾಯಿಗೆ ಮನೆಯಷ್ಟೇ ಅಲ್ಲ, ಇಡೀ ಓಣಿ ಹೆದರುತ್ತಿತ್ತು. ಮಣೆಯ ಮೇಲೆ ಕುಳಿತೆ. ಅತ್ತೆ ನನ್ನ ಸೆರಗು ಸರಿಸಿದರು, ನೆತ್ತಿಗೆ ಬೆಚ್ಚಗಿನ ಎಣ್ಣೆ ಬಿತ್ತು. ಅವರ ಬೆರಳು ನೆತ್ತಿಯಿಂದ ಹಿಂದಕ್ಕೆ ಹೋದವು, ಪಿನ್ನುಗಳಿಗೆ ತಾಗಿದವು, ನಿಂತವು. ಜಡೆ ಮೆತ್ತಗೆ ಕಳಚಿ ಅವರ ಮಡಿಲಿಗೆ ಬಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅವರ ಕೈ ಮತ್ತೆ ಎಣ್ಣೆ ಹಚ್ಚತೊಡಗಿತು. ಹಚ್ಚುತ್ತ ಹಚ್ಚುತ್ತ ಕುತ್ತಿಗೆ ದಾಟಿ, ಬೆನ್ನು ದಾಟಿ, ಕೂದಲೇ ಇಲ್ಲದ ಕಡೆಗೂ ಕೆಳಗಿನವರೆಗೆ ಜಾರಿ ಹೋಗುತ್ತಿತ್ತು. ಆ ಕೈ ನನ್ನ ಬೆನ್ನಿಗೆ ತಾಗುತ್ತಿರಲಿಲ್ಲ, ಗಾಳಿಯಲ್ಲೇ ಇಳಿಯುತ್ತಿತ್ತು, ಆದರೂ ನನಗೆ ಗೊತ್ತಾಗುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ನೆನಪಿಲ್ಲ. ಹಬೆಯೊಳಗೆ ನಾವಿಬ್ಬರೇ ಇದ್ದೆವು. ಬೈದುಬಿಟ್ಟರೆ ಸಾಕಪ್ಪ ಅನ್ನಿಸುತ್ತಿತ್ತು.

"ಏನ್ ನಡಿಸೀರಿ ಒಳಗ? ಹೊತ್ತ ಹೊಂಡಾಕ ಬಂತು" ಎನ್ನುತ್ತ ದೊಡ್ಡತ್ತೆ ಬಾಗಿಲು ನೂಕಿಯೇ ಬಿಟ್ಟರು. ನೋಡಿದರು. ನನ್ನ ಗಿಡ್ಡ ತಲೆ, ಅತ್ತೆಯ ಮಡಿಲಲ್ಲಿ ಮಾರುದ್ದ ಜಡೆ. "ಶಿವಶಿವಾ! ಏನಿದು ಶಾಂತಾ? ಮುತ್ತೈದಿ ತಲಿ ಇದು?"

ಅತ್ತೆ ಜಡೆಯನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡರು. "ಹರಕಿ ಅಕ್ಕಾ. ಮನಿದೇವರಿಗೆ ಮುಡಿ ಹೊತ್ತಾಳ, ಮಕ್ಕಳಾಗ್ಲೆಂತ. ಕಾರ್ತೀಕದಾಗ ಹೋಗಿ ಒಪ್ಪಿಸಿ ಬರ್ತೇವಿ."

ನಾನು ತಿರುಗಿ ಅತ್ತೆಯ ಮುಖ ನೋಡಿದೆ. ದೊಡ್ಡತ್ತೆ ನಿಂತಲ್ಲೇ ಕರಗಿಬಿಟ್ಟರು. "ಅಯ್ಯ ನನ ಕೂಸ, ಯಾರಿಗೂ ಹೇಳಲಾರದ ಇಷ್ಟ ದೊಡ್ಡ ಹರಕಿ ಹೊತ್ತೀಯಲ್ಲವಾ!" ಎಂದು ನನ್ನ ಗಲ್ಲ ಸವರಿ ಲಟಿಗೆ ಮುರಿದರು. ಅವರ ಕಣ್ಣಲ್ಲಿ ನೀರಿತ್ತು.

ಆ ದಿನವೆಲ್ಲ ನಾನು ನೆಲದ ಮೇಲೆ ನಡೆದಂತೆ ಇರಲಿಲ್ಲ. ಓಣಿಯ ಹೆಂಗಸರು ಬಂದು ಬಂದು ನನ್ನ ನೋಡಿದರು. ಒಬ್ಬರು ಉಡಿ ತುಂಬಿದರು, ಇನ್ನೊಬ್ಬರು ತಮ್ಮ ಮಗಳಿಗೆ, "ನೋಡಿ ಕಲಿ, ಇಷ್ಟ ಸಾಲಿ ಕಲತರೂ ಎಂಥಾ ಭಕ್ತಿ" ಅಂದರು. ಬೆಳಿಗ್ಗೆ ಊರಿಂದ ಬಂದ ಗಂಡ ನನ್ನನ್ನು ದೇವರ ಫೋಟೋ ನೋಡುವ ಹಾಗೆ ನೋಡಿದರು. ಅದು ನನಗೆ ಸೇರಲಿಲ್ಲ, ಒಂದು ಘಳಿಗೆ ಸೇರಿತು ಕೂಡ. ಪಾಪ, ಅತ್ತೆ ಖರೇ ಅಂದರೆ ಖರೇ ಹರಕೆಯೆಂದೇ ನಂಬಿದ್ದಾರೆ ಎಂದು ತಿಳಿದಿದ್ದೆ. ನಮಗೆ ಮಕ್ಕಳಾಗಿರಲಿಲ್ಲ, ಅದನ್ನು ಅವರು ಒಂದು ದಿನವೂ ಬಾಯಿಬಿಟ್ಟು ಕೇಳಿರಲಿಲ್ಲ. ಅಂಥವರ ಆಸೆಯ ಮೇಲೆ ನನ್ನ ಶೋಕಿ ಹೋಗಿ ಕೂತುಬಿಟ್ಟಿತ್ತು.

ಸಂಜೆ ಅತ್ತೆ ಹಿತ್ತಲ ಗೋಡೆಯ ಮೇಲೆ ಪಣತಿ ಹಚ್ಚುತ್ತಿದ್ದರು. ತಡೆಯಲಾಗದೆ ಹೋಗಿ ನಿಂತೆ. "ಅತ್ತಿ, ಹರಕಿ ಪರಕಿ ಏನೂ ಇಲ್ರಿ. ಪಾರ್ಲರದಾಗ ಕತ್ತರಸ್ಕೊಂಡೇನಿ. ನನಗ ಬೇಕಾಗಿತ್ರಿ."

ಅವರು ಬತ್ತಿ ಸರಿಮಾಡುತ್ತಲೇ ಇದ್ದರು. "ಗೊತ್ತೈತಿ. ಹರಕಿ ಕೂದಲಾ ಹಿಂಗ ಮೆಟ್ಟಲಾ ಮೆಟ್ಟಲಾ ಇರ್ತಾವೇನು? ನನಗೇನ್ ಕಣ್ಣಿಲ್ಲೇನವಾ?"

"ಮತ್ಯಾಕ ಹಂಗ ಅಂದ್ರಿ?"

"ಅಕ್ಕನ ಬಾಯಿ ನಿನಗ ಗೊತ್ತಿಲ್ಲ. ಹಬ್ಬದ ದಿವ್ಸ ಎಣ್ಣಿ ತಲೀಲೆ ಕುಂತಿದ್ದಿ. ನಡಗಾಕತ್ತಿದ್ದಿ. ಬಾಯಿಗೆ ಬಂತು, ಅಂದುಬಿಟ್ಟೆ."

"ಸಿಟ್ಟ ಬಂದಿಲ್ಲೇನ್ರಿ?"

"ಬಂದೈತಿ. ಭಾಳ ಬಂದೈತಿ. ಆ ಜಡಿ ನೋಡೇ ನಾ ನಿನ್ನ ಮನಿ ತುಂಬಿಸ್ಕೊಂಡಿದ್ದೆ." ಇನ್ನೊಂದು ಪಣತಿಗೆ ಎಣ್ಣೆ ಸುರಿದರು. ಆಮೇಲೆ ಸಣ್ಣಗೆ ಅಂದರು, "ಅದಿರಲಿ. ದೇವರ ಹೆಸರ ತಗೊಂಡ ಸುಳ್ಳ ಹೇಳೇನಿ ನೋಡ. ಅದ ನನ್ನ ಬೆಳಗಿನಿಂದ ತಿನ್ನಾಕತ್ತೈತಿ."

ಅಷ್ಟಕ್ಕೇ ಮಾತು ಮುಗಿಯಿತು ಎಂದು ನಾನು ತಿಳಿದೆ.

ಕಾರ್ತೀಕದ ಒಂದು ಸೋಮವಾರ ನಾವಿಬ್ಬರೇ ಮನೆದೇವರ ಊರಿಗೆ ಹೋದೆವು. ನನ್ನ ಜಡೆಯನ್ನು ಹೊಸ ಬಟ್ಟೆಯಲ್ಲಿ ಕಟ್ಟಿ ತಂದಿದ್ದೆ. ಗುಡಿಯ ಹಿಂದಿನ ಹೊಂಡದ ದಂಡೆಯಲ್ಲಿ ಮುಡಿ ತೆಗೆಯುವವನು ಕುಳಿತಿದ್ದ. ನೀರು ಅಲ್ಲಾಡದೆ ನಿಂತಿತ್ತು, ಬೇವಿನ ಎಲೆಗಳು ಒಂದೊಂದಾಗಿ ಅದರ ಮೇಲೆ ಇಳಿಯುತ್ತಿದ್ದವು. ಗಂಟನ್ನು ಕೊಡಲು ಮುಂದೆ ಹೋದೆ. ಅತ್ತೆ ನನ್ನ ಕೈ ಹಿಡಿದರು. "ಅದು ಬ್ಯಾಡ. ಅದು ನೀ ನಿನ್ನ ಸಲುವಾಗಿ ತಗಸಿದ್ದು, ದೇವರಿಗಂತ ಕೊಟ್ಟದ್ದಲ್ಲ. ನೀನ ಇಟ್ಕೊ." ಹಾಗೆಂದು ಅವರೇ ಹೋಗಿ ಅವನ ಮುಂದೆ ಕುಳಿತರು. ಸೆರಗು ಇಳಿಸಿ ತುರುಬು ಬಿಚ್ಚಿದರು.

ಹತ್ತಿರ ಹತ್ತಿರ ಎರಡು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅತ್ತೆಯ ಕೂದಲನ್ನು ಸರಿಯಾಗಿ ನೋಡಿರಲಿಲ್ಲ. ಬಿಳಿ, ಕರಿ ಬೆರೆತು ಸೊಂಟದ ಕೆಳಗಿನವರೆಗೆ ಹರಿದು ಬಂತು. ಅರವತ್ತು ದಾಟಿದ ಹೆಂಗಸಿನ ತಲೆಯಲ್ಲಿ ಅಷ್ಟು ಕೂದಲು! ನಾನು ಓಡಿಹೋಗಿ ಕಾಲು ಹಿಡಿದುಕೊಂಡೆ. "ಬ್ಯಾಡ್ರಿ ಅತ್ತಿ, ನಿಮ್ಮ ಕಾಲಿಗೆ ಬೀಳ್ತೀನಿ, ತಪ್ಪು ನಂದೈತ್ರಿ."

"ನಿಂದು ನಿನಗ. ಹರಕಿ ಮಾತು ಆಡಿದ್ದು ನನ್ನ ಬಾಯಿ. ನಾನ ತೀರಸಬೇಕು. ಸರಿ, ಮುಂದಕ್ಕ ಬರಬ್ಯಾಡ" ಅಂದರು. ಅವನು ಕತ್ತರಿ ಹಾಕಿದ. ಆ ಸದ್ದು ಇಷ್ಟೇ ಇಷ್ಟು, ಆದರೆ ನನಗೆ ಇವತ್ತಿಗೂ ಕೇಳುತ್ತದೆ.

ಮರಳುವಾಗ ಬಸ್ಸಿನ ಕಿಟಕಿಯಲ್ಲಿ ಹತ್ತಿಯ ಹೊಲಗಳು ಬಿಳಿಯಾಗಿ ಹಿಂದೆ ಹಿಂದೆ ಸರಿಯುತ್ತಿದ್ದವು. ಅತ್ತೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕುಳಿತಿದ್ದರು. ನಾನು ಅತ್ತು ಅತ್ತು ಸಾಕಾಗಿ ಕೇಳಿದೆ, "ಅತ್ತಿ, ಮೊದಲ ನಿಮ್ಮನ್ನ ಕೇಳಿದ್ರ ಹೂಂ ಅಂತಿದ್ರೇನ್ರಿ?"

"ಇಲ್ಲವಾ. ಬ್ಯಾಡ ಅಂತಿದ್ದೆ. ಸುಳ್ಳ ಯಾಕ ಹೇಳ್ಲಿ?"

"ಈಗ ಕೇಳಿದ್ರ?"

"ಕೇಳಿ ನೋಡ" ಅಂದರು, ಕಿಟಕಿಯ ಕಡೆ ಮುಖ ಮಾಡಿಕೊಂಡೇ.

ಕೇಳಲು ನನಗೆ ಏಳು ತಿಂಗಳು ಬೇಕಾಯಿತು. ಕೂದಲು ಮತ್ತೆ ಹೆಗಲು ದಾಟಿತ್ತು. ಒಂದು ಮುಂಜಾನೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು, ದೊಡ್ಡತ್ತೆ ಎದುರಿಗೆ ಕುಳಿತು ಚಹಾ ಕುಡಿಯುತ್ತಿದ್ದರು. ಅವರು ಎದ್ದು ಹೋಗಲಿ ಎಂದು ನಾನು ಕಾಯಲಿಲ್ಲ. "ಅತ್ತಿ, ಕೂದಲಾ ಬೆಳದಾವ್ರಿ. ಇವತ್ತ ಕತ್ತರಸ್ಕೊಂಡ ಬರ್ತೀನ್ರಿ" ಅಂದೆ.

"ಮತ್ತೊಂದು ಹರಕಿ ಏನವಾ?" ಎಂದರು ದೊಡ್ಡತ್ತೆ.

"ಇಲ್ರಿ. ನನಗ ಬೇಕಾಗೈತ್ರಿ."

ದೊಡ್ಡತ್ತೆಯ ಬಟ್ಟಲು ತುಟಿಯ ಹತ್ತಿರವೇ ನಿಂತಿತು. ಅತ್ತೆ ರೊಟ್ಟಿಯನ್ನು ತವೆಗೆ ಹಾಕಿ, ಮೇಲೆ ನೀರು ಸವರಿ, ತಲೆ ಎತ್ತದೆ ಅಂದರು, "ಹೋಗಿ ಬಾ. ಸಂಜಿಗೆ ಲಗೂ ಬಾ ಮತ್ತ."

ದೊಡ್ಡತ್ತೆ ಮೂರು ವಾರ ನನ್ನ ಜೊತೆ ಮಾತು ಬಿಟ್ಟರು. ಬಿಡಲಿ. ನನ್ನ ಆಸೆಯನ್ನು ನನ್ನ ಬಾಯಿಂದಲೇ ಹೇಳಿದ ನೆಮ್ಮದಿ ನನಗಿತ್ತು. ಅಂದಿನಿಂದ ಏನೇ ಬೇಕಾದರೂ ಬೇಕು ಅಂತಲೇ ಹೇಳುತ್ತೇನೆ, ಬೈಗಳಾದರೆ ನಾನೇ ತಿನ್ನುತ್ತೇನೆ. ನಾನು ಮುಚ್ಚಿಟ್ಟದ್ದಕ್ಕೆ ಇನ್ನೊಬ್ಬರು ತಲೆ ಕೊಡುವುದು ನನಗೆ ಬೇಡ. ನನ್ನ ಕೂದಲು ಎಷ್ಟು ಸಲ ಕತ್ತರಿಸಿದರೂ ಬೆಳೆಯುತ್ತದೆ. ಅತ್ತೆಯದು ಮತ್ತೆ ಮೊದಲಿನಂತೆ ಬೆಳೆಯಲಿಲ್ಲ, ಆ ವಯಸ್ಸಿನಲ್ಲಿ ಇನ್ನೆಲ್ಲಿ? ಈಗ ಅವರದು ನಿಂಬೆಹಣ್ಣಿನಷ್ಟೇ ತುರುಬು. ಅವರು ಅದನ್ನು ಕಟ್ಟಿಕೊಳ್ಳುವಾಗ ನಾನು ಆ ಕೋಣೆಗೆ ಹೋಗುವುದಿಲ್ಲ.