ಬ್ರೆಡ್ ಮಾಮನ ಕೆಂಪು ಮುಖ

ಬೀದಿಯ ಕೊನೆಯಲ್ಲಿ ಬೇಕರಿ ಇಟ್ಟಿದ್ದ ಬ್ರೆಡ್ ಮಾಮನ ಮುಖ ಸದಾ ಕೆಂಪು. ಒಲೆಯ ಝಳಕ್ಕೆ ಹಾಗಾಗಿದೆ ಎಂದು ಅರ್ಧ ಬೀದಿ ಹೇಳುತ್ತಿತ್ತು. ಕದ್ದು ಕುಡಿಯುತ್ತಾನೆ ಎಂದು ಇನ್ನರ್ಧ. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು? ಬೇಕರಿಗೆ ರಜೆ ಇದ್ದಾಗಲೂ ಆ ಕೆಂಪು ಇಳಿಯುವುದಿಲ್ಲ, ಬಿಸಿನೀರು ಬಿದ್ದರೆ ಮೈಯೆಲ್ಲ ಪರಚಿಕೊಳ್ಳುತ್ತಾನೆ ಎಂಬುದನ್ನು ಕಂಡವಳು ಹೆಂಡತಿ. ಅವಳೇ ಆಸ್ಪತ್ರೆಗೆ ಎಳೆದೊಯ್ದಳು.

"ನಿಮ್ಮ ರಕ್ತದಲ್ಲಿ ಕೆಂಪು ಕಣಗಳು ವಿಪರೀತ ಇವೆ. ಶ್ವಾಸಕೋಶದಿಂದ ಆಮ್ಲಜನಕ ಹೊತ್ತು ಮೈಗೆಲ್ಲ ಹಂಚೋದು ಅವುಗಳ ಕೆಲಸ," ಎಂದರು ಡಾಕ್ಟರು.

"ಹೊರೋರು ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಸಾರ್?"

"ನಿಮ್ಮ ಬೇಕರಿ ಒಳಗೆ ಐವತ್ತು ಜನ ತುಂಬಿದ್ರೆ ಒಂದು ಬ್ರೆಡ್ಡಾದ್ರೂ ಹೊರಗೆ ಬರುತ್ತಾ? ರಕ್ತ ಮಂದ ಆಗಿದೆ. ಆಗಾಗ ಬಂದು ಒಂದಿಷ್ಟು ತೆಗೆಸ್ಕೊಳ್ಳಿ. ಇಲ್ಲಾಂದ್ರೆ ಎಲ್ಲಾದ್ರೂ ಹೆಪ್ಪುಗಟ್ಟುತ್ತೆ."

ಒಮ್ಮೆ ತೆಗೆಸಿಕೊಂಡ. ತೆಗೆದದ್ದನ್ನು ಯಾರಿಗೂ ಕೊಡದೆ ಚೆಲ್ಲುತ್ತಾರೆಂದು ತಿಳಿದಾಗ ಅವನಿಗೆ ತಡೆಯಲಾಗಲಿಲ್ಲ. ಮಿಕ್ಕ ಬ್ರೆಡ್ಡನ್ನೂ ರಸ್ಕು ಮಾಡಿ ಮಾರುವ ಆಸಾಮಿ ಅವನು.

"ರಕ್ತ ಅಂದ್ರೆ ಶಕ್ತಿ ಕಣೇ. ಸುಮ್ನೆ ಸುರಿಯೋಕೆ ಕೊಡ್ಲಾ?"

"ಅತಿಯಾದ್ರೆ ಅಮೃತಾನೂ ವಿಷ ರೀ. ನಂಗೆ ಪೈಲ್ವಾನ ಬೇಡ, ಗಂಡ ಬೇಕು."

ಅವನು ಹೋಗಲಿಲ್ಲ. ಒಂದು ಬೆಳಗ್ಗೆ ಹಿಟ್ಟು ನಾದುತ್ತಿದ್ದಂತೆ ಬಲಗೈ ಜೋತುಬಿತ್ತು, ನಾಲಿಗೆ ತೊದಲಿತು. ಮಧ್ಯಾಹ್ನದ ಹೊತ್ತಿಗೆ ಕೈ ಸರಿಹೋಯಿತು. ಹಟ ಮಾತ್ರ ಅಂದೇ ಬಿಟ್ಟುಹೋಯಿತು. ಮುಂದೆ ವರ್ಷಗಟ್ಟಲೆ, ಕರೆದಾಗಲೆಲ್ಲ ಹೋಗಿ ತೋಳು ಚಾಚಿದ.

ಆಮೇಲೆ ಎಲ್ಲ ತಿರುವುಮುರುವಾಯಿತು. ಕಣ ಹುಟ್ಟಿಸಿ ಹುಟ್ಟಿಸಿ ಮೂಳೆಯೊಳಗಿನ ಮಜ್ಜೆ ನಾರುಗಟ್ಟಿತು. ಈಗ ಕೆಂಪು ಕಣಗಳೇ ಸಾಲವು. ನಾಲ್ಕು ಮೆಟ್ಟಿಲಿಗೇ ಏದುಸಿರು. ಮುಖ ಮೈದಾಹಿಟ್ಟಿನ ಬಣ್ಣಕ್ಕೆ ತಿರುಗಿತು. "ಕುಡಿಯೋದು ಬಿಟ್ಟ ಅಂತ ಕಾಣುತ್ತೆ," ಎಂದಳು ಎದುರುಮನೆಯಾಕೆ. ರಕ್ತ ತೆಗೆಯುತ್ತಿದ್ದ ಆಸ್ಪತ್ರೆಯಲ್ಲೇ ಬೇರೆಯವರ ರಕ್ತ ಏರಿಸತೊಡಗಿದರು. ಅದು ಮೊದಮೊದಲು ಕೆಲವು ವಾರ ಸಾಗಿಸುತ್ತಿತ್ತು, ಬರಬರುತ್ತ ಕೆಲವೇ ದಿನ.

ರಕ್ತ ಏರಿಸಿಕೊಳ್ಳಲು ಹೋಗಬೇಕಿದ್ದ ಒಂದು ದಿನ ಆಟೋ ಬಾಗಿಲಿಗೆ ಬಂದು ನಿಂತಿತ್ತು. ಅವನು ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕೂ ದಣಿಯುವುದನ್ನು ನೋಡಿ ಹೆಂಡತಿ, "ಇವತ್ತು ಆಗಲ್ಲ ಅಂದ್ರೆ ಬೇಡ ರೀ. ಮಲಗಿ," ಎಂದಳು.

"ನನಗೆ ಸಾಕಾಗಿದೆ ಕಣೇ. ನಿನಗೆ ಸಾಕಾಗಿಲ್ವಲ್ಲ, ನಡಿ."

ಚಪ್ಪಲಿ ಮೆಟ್ಟಿದ. ಹೊಸ್ತಿಲಾಚೆ ಗೋಡೆ ಹಿಡಿದು ನಿಂತು ಉಸಿರು ತಂದುಕೊಂಡ. ಹೆಂಡತಿ ಬಾಗಿಲಿಗೆ ಬೀಗ ಹಾಕಿ ಬರುವಷ್ಟರಲ್ಲಿ, ಯಾರ ಆಸರೆಯೂ ಇಲ್ಲದೆ ಆಟೋ ಹತ್ತಿ ಅವಳಿಗೆ ಜಾಗ ಬಿಟ್ಟು ಕೂತಿದ್ದ.