ಮಗ್ಗದ ಪಕ್ಕದ ತಂಬಿಗೆ

ನಮ್ಮ ಮಗ್ಗದ ಕುಣಿಯ ಪಕ್ಕದಲ್ಲಿ ಒಂದು ಹಿತ್ತಾಳೆ ತಂಬಿಗೆ ಇರುತ್ತಿತ್ತು, ನೋಡ್ರಿ. ಬೆಳಗ್ಗೆ ನೀರು ತುಂಬಿ ತಾಟು ಮುಚ್ಚಿಡುವುದು ನಮ್ಮತ್ತೆಯ ಕಾಲದ ಪದ್ಧತಿ. ಸಂಜೆ ಅದೇ ನೀರನ್ನು ಕರಿಬೇವಿನ ಗಿಡಕ್ಕೆ ಸುರಿಯುವುದೂ ಅದೇ ಕಾಲದ್ದು. ನಡುವೆ ಕುಡಿಯುವವರು ಯಾರು? ಕುಣಿಯೊಳಗೆ ಕಾಲು ಇಳಿಬಿಟ್ಟು, ಲಾಳಿಯ ಓಟಕ್ಕೆ ಕೈ ಹತ್ತಿದ ಮೇಲೆ ನೀರು ಕುಡಿದರೆ ಏಳಬೇಕು, ಎದ್ದರೆ ಹಿತ್ತಲಿಗೆ ಹೋಗಬೇಕು, ತಿರುಗಿ ಬಂದು ಕೂರುವಷ್ಟರಲ್ಲಿ ಕೈಯ ಹದ ಹಾರಿರುತ್ತದೆ. ಬಾಯಾರಿಕೆ ತಡೆದವಳೇ ಜಾಣೆ ಎಂದು ನಾರಾಯಣಪೇಟೆಗೆ ಸೊಸೆಯಾಗಿ ಬಂದಾಗಲೇ ಕಲಿತೆ. ನನ್ನ ಸೊಸೆ ಗೌರಿಗೂ ಕಲಿಸಿದೆ.

ನನ್ನ ದೇಹ ಮಾತ್ರ ಆ ಜಾಣತನವನ್ನು ಒಪ್ಪಲಿಲ್ಲ. ಎಡ ಪಕ್ಕೆಯಲ್ಲಿ ಎದ್ದ ನೋವು ತೊಡೆಸಂದಿಗೆ ಇಳಿಯತೊಡಗಿದಾಗ ಹುರುಳಿ ಕಟ್ಟು ಕುಡಿದೆ, ಬಾಳೆದಿಂಡಿನ ರಸ ಕುಡಿದೆ, ಕೊನೆಗೆ ರಾಯಚೂರಿನ ದವಾಖಾನೆ ಹತ್ತಿದೆ.

"ಹುಣಸಿ ಬೀಜದಷ್ಟು ದೊಡ್ಡ ಕಲ್ಲು, ಅಜ್ಜಿ. ಮೂತ್ರ ಇಳಿಯೋ ಕೊಳವ್ಯಾಗ ಸಿಕ್ಕೊಂಡೈತಿ, ತಾನಾಗೇ ಬೀಳಂಗಿಲ್ಲ. ಹಂಗೇ ಬಿಟ್ರ ಆ ಕಡಿ ಕಿಡ್ನಿ ಕೆಡ್ತೈತಿ" ಎಂದರು ಡಾಕ್ಟರಮ್ಮ.

ಕಿಡ್ನಿಗಿಂತ ನನಗೆ ಚಾಕುವಿನ ಭಯ. ನನ್ನ ನಾದಿನಿ ಶಂಕ್ರಮ್ಮನಿಗೂ ಹಿಂದೆ ಇಂಥದೇ ಕಲ್ಲಾಗಿ, ಪಕ್ಕೆ ಸೀಳಿ ತೆಗೆದಿದ್ದರು. ಆಮೇಲೆ ಆಕೆ ಮಗ್ಗಕ್ಕೆ ಇಳಿಯಲೇ ಇಲ್ಲ. ಕಿಡ್ನಿ ಎರಡಿವೆ, ಮಗ್ಗ ಒಂದೇ. ನೇಯದೆ ಮೂಲೆಯ ಮೂಟೆಯಾಗಿ ಕೂರುವುದು ನನ್ನಿಂದಾಗದು. "ಗೌರಿ, ವಾಪಸ್ ನಡಿ" ಎಂದು ಎದ್ದೇಬಿಟ್ಟೆ.

"ಸೀಳಂಗಿಲ್ಲ ಅಜ್ಜಿ. ಮೂರು ಸಣ್ಣ ತೂತು. ಒಂದರಾಗ ಕ್ಯಾಮೆರಾ, ಉಳಿದದ್ರಾಗ ಚಿಮಟ. ಟಿವಿ ನೋಡ್ಕೊಂತ ಕಲ್ಲು ತೆಗೀತೀವಿ."

"ನನ್ನ ಹೊಟ್ಟಿ ನಿಮ್ಮ ಕೈಯಾಗ ಕೊಟ್ರ, ನೀವು ಟಿವಿ ನೋಡ್ತೀರೇನು?"

ಡಾಕ್ಟರಮ್ಮ ನಕ್ಕರು. ಆದರೆ ನನಗೆ ನಮ್ಮ ಕಸುಬೇ ನೆನಪಾಯಿತು: ನೇಯ್ಗೆಯೊಳಗೆ ಗಂಟು ಸಿಕ್ಕರೆ ಸೀರೆ ಕತ್ತರಿಸುತ್ತೇವೆಯೇ? ಸೂಜಿಯ ಮೊನೆಯಿಂದ ಎಳೆ ಸರಿಸಿ ಗಂಟು ತೆಗೆಯುತ್ತೇವೆ. "ಮಗ್ಗಕ್ಕ ಕೂಡಾಕ ಆಗ್ತೈತೇನು?" ಎಂದೆ.

"ಗಾಯ ಮಾಯೋತನ ಮೂತ್ರ ಸರಾಗ ಇಳೀಲಿ ಅಂತ ಒಳಗ ಒಂದು ಸಣ್ಣ ನಳಿಗಿ ಇಡ್ತೀವಿ, ಅದನ್ನ ತೆಗೆದ ಮ್ಯಾಲ ಕೂಡ್ರಿ. ಆದ್ರ ನೀರು ಕುಡೀಬೇಕು."

ಕಲ್ಲು ಹೋಯಿತು, ಕಿಡ್ನಿ ಉಳಿಯಿತು. ಮನೆಗೆ ಬಂದಾಗ ಓಣಿಯ ಹೆಂಗಸರೆಲ್ಲ ಬ್ರೆಡ್ಡು, ಎಳನೀರು ಹಿಡಿದು ಮುಖ ಸಣ್ಣ ಮಾಡಿಕೊಂಡು ಬಂದರು. ಸೆರಗು ಸರಿಸಿ ತೋರಿಸಿದರೆ ಅವರಿಗೆ ಭಾರಿ ನಿರಾಸೆ. ಶಂಕ್ರಮ್ಮ ತನ್ನ ಪಕ್ಕೆಯ ಗೇಣುದ್ದದ ಕಲೆಯನ್ನೂ ತೋರಿಸಿ ಹೋಲಿಸಿ, "ಇದಕ್ಕ ಆಪರೇಷನ್ ಅಂತಾರೇನು ಅತ್ತಿಗಿ? ಸೊಳ್ಳಿ ಕಡದಂಗ ಐತಿ. ನನ್ನ ಬ್ರೆಡ್ಡು ದಂಡ ಆತು" ಎಂದಳು.

ನೋವನ್ನು ಗಾಯದ ಉದ್ದದಿಂದ ಅಳೆಯುವ ಜನ ನಾವು. ಹಾಗೆಯೇ ತಡೆದುಕೊಳ್ಳುವುದನ್ನೇ ಗುಣವೆಂದು ಹೊಗಳುವವರು: ಬಾಯಾರಿಕೆ ತಡಿ, ಮೂತ್ರ ತಡಿ, ಮಾತು ತಡಿ. ಮಾತನ್ನಂತೂ ನಾನು ಎಂದೂ ತಡೆದವಳಲ್ಲ, ಇಲ್ಲದಿದ್ದರೆ ಇನ್ನೆಷ್ಟು ಕಲ್ಲಾಗುತ್ತಿದ್ದವೋ! ತಡೆದದ್ದು ಎಲ್ಲಿಗೂ ಹೋಗುವುದಿಲ್ಲ ಕಣ್ರೀ, ಒಳಗೇ ಕೂತು ಗಟ್ಟಿಯಾಗುತ್ತದೆ.

ಈಗ ಮತ್ತೆ ಕುಣಿಗೆ ಇಳಿದಿದ್ದೇನೆ. ಗೌರಿ ಲಾಳಿಯ ರಭಸದಲ್ಲಿ ಮೈಮರೆತರೆ, "ಏ, ಕುಡಿ. ಎದ್ದು ಹಿತ್ತಲಿಗೆ ಹೋಗಿ ಬಾ" ಎಂದು ಗದರುತ್ತೇನೆ. "ಸೀರಿ ಯಾವಾಗ ಮುಗೀಬೇಕು ಅತ್ತಿ?" ಎಂದರೆ, "ಮುಗದಾಗ ಮುಗೀತೈತಿ" ಎನ್ನುತ್ತೇನೆ. ಮಗ್ಗದ ಪಕ್ಕ ಈಗ ಎರಡು ತಂಬಿಗೆ. ಸಂಜೆಗೆ ಎರಡೂ ಖಾಲಿ. ಕರಿಬೇವಿನ ಗಿಡವೊಂದೇ ನನ್ನ ಮೇಲೆ ಸಿಟ್ಟಾಗಿದೆ.