ಆಬಾಸಾಹೇಬ ಮಾಸ್ತರರ ಖೇಚರ ಪಲ್ಟಣ್

ಐನಾಪುರದಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿ ಇರುವವರು ಆಬಾಸಾಹೇಬ ಮಾಸ್ತರರು. ಸಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಹೆಸರು ಮಾತ್ರ ಮರಾಠಿಯದು. ಅದು ಅಪ್ಪನ ತಪ್ಪು ಎನ್ನುತ್ತಾರೆ. ಮನೆಯಲ್ಲಿ ಯಾರೂ ಮರಾಠಿ ಆಡಬಾರದೆಂದು ಕಟ್ಟಪ್ಪಣೆ. ಹೆಂಡತಿ ಸುಂದ್ರವ್ವನ ತವರು ಮರಾಠಿ ಸೀಮೆಯ ಮಿರಜದ ಹತ್ತಿರ. ಪಾಪ, ಆಕೆ ಅವ್ವನಿಗೆ ಫೋನು ಮಾಡಬೇಕಾದರೆ ನಮ್ಮ ಹಿತ್ತಲಿಗೆ ಬರುತ್ತಾಳೆ.

ಕೆಲಸ ಮುಗಿದ ಮೇಲೆ ಮಾಸ್ತರರಿಗೆ ಮುತ್ತಜ್ಜನ ಹುಚ್ಚು ಹಿಡಿಯಿತು. ಮುತ್ತಜ್ಜ ಮಲಕಾರಿ ಮೊದಲನೇ ಮಹಾಯುದ್ಧಕ್ಕೆ ಬಸ್ರಾಕ್ಕೆ ಹೋಗಿ ಬಂದಿದ್ದ. ಅಲ್ಲಿ ಏನು ಕಡಿದು ಹಾಕಿದ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಊರು ಒಂದು ಸಲವಾದರೂ ತಮ್ಮ ಮನೆತನಕ್ಕೆ ಕೈಮುಗಿಯಬೇಕೆಂಬುದು ಮಾಸ್ತರರ ಆಸೆ. ಸೈನ್ಯದ ಹಳೇ ದಾಖಲೆಗೆ ಅರ್ಜಿ ಹಾಕಿದರು. ಒಂದು ಪುಟದ ನಕಲು ಬಂತು: ಮಲಕಾರಿ, ಅಥಣಿ ತಾಲೂಕು, ಹುದ್ದೆ ಡ್ರೈವರ್. ಮುಂದೆ ಮಿರಜಕ್ಕೆ ಹೋಗಿ, ನೂರು ವರ್ಷದ ಹಿಂದಿನ ಮರಾಠಿ ಪೇಪರುಗಳ ಧೂಳು ಮೂಗಿಗೇರಿಸಿಕೊಂಡು ಒಂದು ಸಾಲು ಹುಡುಕಿ ತಂದರು. ಐನಾಪುರದ ಮಲಕಾರಿ ಖೇಚರ ಪಲ್ಟಣದಿಂದ ಊರಿಗೆ ಮರಳಿದ ಎಂದು ಅದರಲ್ಲಿತ್ತು.

“ಅಕ್ಕಾರ, ಖೇ ಅಂದ್ರ ಆಕಾಶದಾಗ, ಚರ ಅಂದ್ರ ತಿರುಗಾಂವ. ಹಳಗನ್ನಡದಾಗ ಎಷ್ಟ್ ಸಲ ಕಲಿಸೇನಿ! ಅದರ ಡ್ರೈವರ್ ಅಂದ್ರ ಏನಾತು?”

“ಬಸ್ಸಿನಾಂವೇನ್ರಿ?” ಎಂದೆ ನಾನು.

“ವಿಮಾನದಾಂವ್ರೀ! ನಮ್ಮ ಮುತ್ತ್ಯಾ ವಿಮಾನ ಹಾರಿಸ್ಯಾನ!”

ಬಸ್‌ಸ್ಟ್ಯಾಂಡ್ ಎದುರು ಮುತ್ತಜ್ಜನ ನೆನಪಿಗೆ ಕಲ್ಲು ನಿಲ್ಲಿಸುವುದೆಂದು ನಿಶ್ಚಯವಾಯಿತು. ಕಲ್ಲುಕೆಲಸದ ಉಸ್ಮಾನ ಎರಡು ರೆಕ್ಕೆ ಎತ್ತಿದ ವಿಮಾನ ಕೆತ್ತಿದ. ರವಿವಾರದ ಕಾರ್ಯಕ್ರಮಕ್ಕೆ ನಿಪ್ಪಾಣಿ, ರಾಯಬಾಗದ ಬೀಗರಿಗೆಲ್ಲ ಫೋನು ಹೋಯಿತು.

ಶುಕ್ರವಾರ ಸೈನ್ಯದ ಉಳಿದ ಪುಟ ಬಂತು. ನಾನೂ ಸುಂದ್ರವ್ವನೂ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದೆವು. ಮಾಸ್ತರರು ನಮಗೆ ಕೇಳಲೆಂದೇ ದೊಡ್ಡ ದನಿಯಲ್ಲಿ ಇಂಗ್ಲಿಷು ಓದಿ ಕನ್ನಡ ಹೇಳತೊಡಗಿದರು. ಬಲಗಾಲು ಮುರಿದಿದೆ. ಕಾರಣ, ಮ್ಯೂಲ್ ಒದ್ದದ್ದು.

“ವಿಮಾನದಾಗ ಮ್ಯೂಲ್ ಹ್ಯಾಂಗ ಬಂತು?” ಎಂದು ತಾವೇ ತಡವರಿಸಿದರು.

“ಮ್ಯೂಲ್ ಅಂದ್ರೇನ್ರಿ?” ಎಂದಳು ಸುಂದ್ರವ್ವ.

“ಹ್ಯಾಸರಗತ್ತಿ.”

“ಅಯ್ಯ, ನಮ್ಮ ತವರಿನ ಕಡೆ ಅದಕ್ಕ ಅಲ್ಲೇನ್ರಿ ಖೇಚರ ಅನ್ನೂದು?”

ಮಾಸ್ತರರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಹೇಸರಗತ್ತೆ ಅಲ್ಲೇ ಇತ್ತು.

“ಮೊದಲ ಹೇಳಾಕ ಏನ್ ಧಾಡಿ ನಿನಗ?”

“ಮನಿಯಾಗ ಮರಾಠಿ ಬಂದ್ ಮಾಡೀರಲ್ರಿ.”

ನಾನು ನಕ್ಕ ಭರಕ್ಕೆ ಶೇಂಗಾ ಸಿಪ್ಪೆಯೆಲ್ಲ ಹಾರಿತು.

ಮಾಸ್ತರರು ಉಸ್ಮಾನನ ಕಡೆ ಓಡಿದರು. ಇಂಥದ್ದು ಬಿಡುವವಳಲ್ಲ ನಾನು, ಹಿಂದೆಯೇ ಹೋದೆ.

“ಕೆತ್ತಿದ್ದು ಅಳಸಾಕ ಬರೂದಿಲ್ರಿ ಮಾಸ್ತರ,” ಎಂದ ಉಸ್ಮಾನ. “ರೆಕ್ಕಿ ಸಣ್ಣ ಮಾಡಿದ್ರ ಕಿವಿ ಅಕ್ಕಾವು. ಗಾಲಿ ತಗದು ಕಾಲು ಮಾಡ್ತೇನಿ.”

“ಬಾಲ?”

“ಬಾಲ ವಿಮಾನಕ್ಕೂ ಐತಲ್ರಿ.”

ರವಿವಾರ ಕಲ್ಲು ನಿಂತಿತು. ಆಕಾಶದ ಬಗ್ಗೆ ಗಂಟೆಗಟ್ಟಲೆ ಮಾತಾಡಬೇಕಿದ್ದ ಮಾಸ್ತರರು “ನಮ್ಮ ಮುತ್ತ್ಯಾ ಬಸ್ರಾದಾಗ ಸೇವಾ ಮಾಡ್ಯಾನ” ಎಂದು ಕೂತುಬಿಟ್ಟರು. ಕಲ್ಲಿನ ಮೇಲಿರುವುದು ಏನೆಂದು ಬೀಗರು ಕೇಳಲಿಲ್ಲ, ಊಟ ಚೆನ್ನಾಗಿತ್ತು.

ಮಂಗಸೂಳಿಯ ಮಲ್ಲಯ್ಯನ ಗುಡಿಗೆ ಹೊರಟ ಮುದುಕಿಯೊಬ್ಬಳು ಮರುದಿನ ಅದರ ಮುಂದೆ ನಿಂತಳು. ಮಲ್ಲಯ್ಯ ಏರುವ ಕುದುರೆಯೆಂದು ತಿಳಿದು ಅರಿಸಿನದ ಭಂಡಾರ ಬಳಿದು ಕೈಮುಗಿದಳು. ಅವಳನ್ನು ನೋಡಿ ಉಳಿದವರೂ ಮುಗಿದರು. ಅಂದಿನಿಂದ ಅದು ಹಳದಿಯಾಗಿಯೇ ಇದೆ. ಕುದುರೆಯಲ್ಲ ಎಂದರೆ ಮತ್ತೇನು ಎಂದು ಹೇಳಬೇಕಲ್ಲ, ಮಾಸ್ತರರು ಅದರ ಮುಂದೆ ಹಾಯುವಾಗ ಹೆಜ್ಜೆ ಬಿರುಸು ಮಾಡುತ್ತಾರೆ.

ಮೊನ್ನೆ ಯಾರೋ ಅಲ್ಲೇ ತಡೆದು ಕೇಳಿಯೇಬಿಟ್ಟರು: “ಮಾಸ್ತರ, ಕುದುರಿ ಕಿವಿ ಇಷ್ಟ್ ಉದ್ದ ಯಾಕ್ರಿ?”

“ಭಕ್ತರು ಹೇಳಿದ್ದು ಕೇಳಬೇಕಲ್ರಿ,” ಎಂದು ಮಾಸ್ತರರು ತಾವೂ ಅದಕ್ಕೆ ಒಂದು ಚಿಟಿಕೆ ಭಂಡಾರ ಹಚ್ಚಿದರು.